ವಿನ್ನಿ ಹಲಗೆಯ ಮೇಲೆ ಬರೆದದ್ದು

ಬೋನವಿಸ್ಟಾ
ಮೇ ೯

ಪ್ರೀತಿಯ ವಿನ್ನಿ,

ನಿನಗೂ ನಮ್ಮ ಕೂಸು ಆಗ್ನೆಸ್‌ಗೂ ನನ್ನ ಅಕ್ಕರೆ. ಹೆಸರಿಡುವಾಗ ನನ್ನನ್ನು ಕೇಳಲಿಲ್ಲ ನೀನು; ಸರಿಯಾಗಿಯೇ ಮಾಡಿದೆ. ನಿನ್ನನ್ನು ಒಂದು ಮಾತೂ ಕೇಳದೆ ಮನೆ ಮಾರಲು ಒಪ್ಪಿಕೊಂಡು ಬಂದವನು ನಾನು. ಅದಕ್ಕೇ ಅಲ್ಲವೇ, ಬಸುರಿಯಾಗಿದ್ದರೂ ನೀನು ಅಕ್ಕ ಲೋರೆಟ್ಟಾಳ ಮನೆಗೆ ಹೊರಟುಹೋದದ್ದು?

ಫೆಬ್ರವರಿಯ ಆ ಹನ್ನೊಂದು ದಿನ ನೆನಪೇ ಇಲ್ಲ, ಏನಾಯಿತು ಬರೆದು ತಿಳಿಸು ಎಂದು ನೀನು ಕೇಳಿದ್ದೆ. ಬರೆಯುತ್ತಿದ್ದೇನೆ.

ಜ್ವರ ಶ್ವಾಸಕೋಶಕ್ಕಿಳಿದು ನಿನ್ನನ್ನು ಹೆಲಿಕಾಪ್ಟರಿನಲ್ಲಿ ದೊಡ್ಡಾಸ್ಪತ್ರೆಯಿರುವ ಸೇಂಟ್ ಜಾನ್ಸ್‌ಗೆ ಸಾಗಿಸಿದ್ದರು. ನಾನು ತಲುಪುವಷ್ಟರಲ್ಲಿ ನಿನ್ನ ಬಾಯಲ್ಲಿ ಕೊಳವೆ, ಮೈತುಂಬ ಔಷಧದ ನಿದ್ದೆ. ಬಸಿರಿಗೆ ಇಪ್ಪತ್ತಾರೇ ವಾರ. ಬೇರೆಯಾಗಿದ್ದರೂ ಕಾಗದದಲ್ಲಿ ಗಂಡ ನಾನೇ. ಡಾಕ್ಟರ್ ನೋಸ್ವರ್ದಿ ನನ್ನನ್ನೂ ಲೋರೆಟ್ಟಾಳನ್ನೂ ಕೂರಿಸಿಕೊಂಡು ಹೇಳಿದರು: ಈಗಲೇ ಹೊಟ್ಟೆ ಕೊಯ್ದು ಮಗುವನ್ನು ತೆಗೆಯಬಹುದು, ನಿನ್ನ ಉಸಿರು ಹಗುರಾದರೂ ಆದೀತು, ರಕ್ತ ಹೋಗಿ ನೀನೇ ಉಳಿಯದೆಯೂ ಹೋಗಬಹುದು. ಇಲ್ಲವೇ ದಿಂಬುಗಳ ಮೇಲೆ ನಿನ್ನನ್ನು ಬೋರಲು ಮಲಗಿಸಿ ಕಾಯಬಹುದು. ಅದರಲ್ಲೂ ಇಬ್ಬರಿಗೂ ಅಪಾಯವಿದೆ.

ನಾನು ಬಾಯಿ ತೆರೆಯುವ ಮೊದಲೇ ಡಾಕ್ಟರಮ್ಮ ತಡೆದರು. “ನಿಮಗೇನು ಬೇಕು ಅಂತ ಕೇಳ್ತಿಲ್ಲ, ಆಸ್ಟಿನ್. ಎಚ್ಚರ ಇದ್ದಿದ್ರೆ ವಿನ್ನಿ ಏನ್ ಹೇಳ್ತಿದ್ರು, ಅದನ್ನ ಹೇಳಿ.”

“ಇವನಿಗೆ ಹೆಂಗ್ ಗೊತ್ತಿರತ್ತೆ? ಅವಳ ಮಾತು ಯಾವತ್ತು ಕೇಳಿದಾನೆ?” ಎಂದಳು ಲೋರೆಟ್ಟಾ.

ಕೊನೆಗೆ ನಿನ್ನನ್ನೇ ಕೇಳುವುದೆಂದಾಯಿತು. ಮಧ್ಯಾಹ್ನ ನಿದ್ದೆಯ ಔಷಧ ತಗ್ಗಿಸಿದರು. ನೀನು ಕಣ್ಣು ತೆರೆದೆ. ಡಾಕ್ಟರು ಎರಡೂ ದಾರಿಗಳನ್ನು ನಿಧಾನವಾಗಿ ವಿವರಿಸಿ, ಕೈಗೆ ಸೀಸದಕಡ್ಡಿ ಕೊಟ್ಟು ಕಾಗದ ಸಿಕ್ಕಿಸಿದ ಹಲಗೆ ಹಿಡಿದರು. ಸೊಟ್ಟ ಸೊಟ್ಟ ಅಕ್ಷರಗಳಲ್ಲಿ ನೀನು ಬರೆದೆ: “ಕಾಯಿರಿ. ನನ್ನ ಜೀವಕ್ಕೇ ಬಂದರೆ ತೆಗೆಯಿರಿ. ಮೊದಲು ನಾನು.” ಅರ್ಥವಾಗಿಯೇ ಬರೆದೆಯೋ ಎಂದು ಆಕೆ ಮತ್ತೆ ಕೇಳಿದಾಗ, “ಮೊದಲು ನಾನು” ಎಂಬುದರ ಕೆಳಗೆ ಎರಡು ಗೆರೆ ಎಳೆದೆ.

“ಎದ್ದು ಓಡಾಡೋರೂ ಇಷ್ಟು ಸ್ಪಷ್ಟವಾಗಿ ಹೇಳಲ್ಲ,” ಎಂದರು ಡಾಕ್ಟರು. ಆಮೇಲೆ ಯಾರೂ ವಾದಿಸಲಿಲ್ಲ. ಆರು ಜನ ಸೇರಿ, ಹೊಟ್ಟೆಗೆ ಜಾಗ ಬಿಟ್ಟು, ನಿನ್ನನ್ನು ಬೋರಲು ಮಲಗಿಸಿದರು. ದಿನವೂ ಅದೇ. ಆರನೆಯ ದಿನ ನಿನ್ನ ರಕ್ತದಲ್ಲಿ ಆಮ್ಲಜನಕ ಏರತೊಡಗಿತು. ಹನ್ನೊಂದನೆಯ ದಿನ ಕೊಳವೆ ತೆಗೆದಾಗ ನಿನ್ನ ಬಾಯಿಂದ ಹೊರಟ ಮೊದಲ ಮಾತು “ಟೀ”. ನರ್ಸುಗಳು ನಕ್ಕೂ ನಕ್ಕೂ ಅತ್ತರು.

ಮೂವತ್ತೆಂಟು ವಾರ ತುಂಬಿಸಿ, ಏಳು ಪೌಂಡ್ ತೂಗುವ ಆಗ್ನೆಸ್‌ಳನ್ನು ಹೆತ್ತೆಯಲ್ಲ, ಅವಳ ಕೂಗು ಕೇಳಿ ಕಾರಿಡಾರಿನಲ್ಲಿದ್ದ ನೋಸ್ವರ್ದಿ ಚಪ್ಪಾಳೆ ತಟ್ಟಿದರು. ಗೆದ್ದದ್ದು ನೀನು, ವಿನ್ನಿ. ಮನೆ ಮಾರುವ ಮಾತು ನಾನು ಹಿಂತೆಗೆದುಕೊಂಡಿದ್ದೇನೆ. ಬರುವುದೂ ಬಿಡುವುದೂ ನಿನ್ನ ಇಷ್ಟ.

ನಿನ್ನವನು ಎನ್ನಲು ನಿನ್ನ ಒಪ್ಪಿಗೆಗಾಗಿ ಕಾದಿರುವ,
ಆಸ್ಟಿನ್

ಪುನಶ್ಚ: ಒಂದು ವಿಷಯ ಮುಚ್ಚಿಟ್ಟಿದ್ದೆ. ನಿನ್ನನ್ನೇ ಕೇಳೋಣ ಎಂದವನು ನಾನಲ್ಲ. ಡಾಕ್ಟರು ಹಾಗೆಂದ ಮೇಲೂ, ಮಗುವನ್ನು ತೆಗೆಯಿರಿ ಎಂಬ ಒಪ್ಪಿಗೆ ಪತ್ರಕ್ಕೆ ನಾನು ರುಜು ಹಾಕಿಬಿಟ್ಟಿದ್ದೆ. ಲೋರೆಟ್ಟಾ ಆ ಕಾಗದ ಕಿತ್ತುಕೊಂಡು, “ಅವಳಿನ್ನೂ ಬದುಕಿದಾಳೆ ಕಣೋ, ಎಬ್ಬಿಸಿ ಕೇಳೋ!” ಎಂದಳು. ಅದನ್ನು ಹರಿದು ಹಾಕಿದ್ದು ಮಾತ್ರ ನಾನು.