ಅರವತ್ತೆರಡು ಹೆಸರು ಕೇಳಿದವರಿಗೆ

ಕುಲಪತಿಗಳ ಕುರ್ಚಿಯಲ್ಲಿ ಕೂತಿರುವ ಮಾನ್ಯರೇ,

ಈ ತಿಂಗಳ ಕೊನೆಯೊಳಗೆ ಅರವತ್ತೆರಡು ಜನರ ಹೆಸರು ಬರೆದುಕೊಡದಿದ್ದರೆ ನನ್ನ ಮಗಳನ್ನು ‘ಅನಾರೋಗ್ಯದ ಕಾರಣ’ ಸೇವೆಯಿಂದ ನಿವೃತ್ತಿಗೊಳಿಸಲಾಗುವುದು ಎಂದು ನಿಮ್ಮ ಕಚೇರಿಯಿಂದ ಕಾಗದ ಬಂದಿದೆ. ಹೆಸರು ಕೊಟ್ಟರೆ ಆಕೆ ಪ್ರಾಧ್ಯಾಪಕಿಯಾಗಿ ಮುಂದುವರಿಯಬಹುದಂತೆ. ಅಂದರೆ ಹೆಸರು ಕೊಟ್ಟರೆ ಆರೋಗ್ಯವಂತೆ, ಕೊಡದಿದ್ದರೆ ರೋಗಿ. ನಾನು ಹೈಸ್ಕೂಲಿನವರೆಗೆ ಓದಿದವಳು, ಇಂಥ ವೈದ್ಯಶಾಸ್ತ್ರ ನಮ್ಮ ಕಾಲದ ಪುಸ್ತಕಗಳಲ್ಲಿ ಇರಲಿಲ್ಲ.

ಮಗಳು ಕೊಡುವುದಿಲ್ಲ ಎಂದು ಎರಡು ಸಾಲಿನ ಉತ್ತರ ಬರೆದು ಸುಮ್ಮನಾಗಿದ್ದಾಳೆ. ಸುಮ್ಮನಿರುವುದು ಆಕೆಯ ಸ್ವಭಾವ, ನನ್ನದಲ್ಲ. ನಿಮ್ಮ ಕಚೇರಿಗೆ ಮೂರು ಸಲ ಬರೆದೆ. ಮೂರಕ್ಕೂ ‘ಸ್ವೀಕರಿಸಲಾಗಿದೆ’ ಎಂಬ ಮೊಹರು ಬಂತು, ಉತ್ತರ ಬರಲಿಲ್ಲ. ಅದಕ್ಕೇ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ಮಗಳಿಗೆ ತೋರಿಸಿಯೇ ಬರೆದಿದ್ದೇನೆ. ಎರಡು ಕಡೆ ಅವಳು ಗೆರೆ ಎಳೆದು ಹೊಡೆದುಹಾಕಿದ್ದಾಳೆ. ಯಾಕೆ ಎಂದು ಮುಂದೆ ತಿಳಿಯುತ್ತದೆ.

ನಿಮಗೆ ನಾನು ಗೊತ್ತಿಲ್ಲ, ಆದರೆ ನಿಮ್ಮ ಭುಜದ ಅಳತೆ ನನಗೆ ಗೊತ್ತು. ನಿಮ್ಮ ವಿಶ್ವವಿದ್ಯಾಲಯದ ಘಟಿಕೋತ್ಸವಕ್ಕೆ ಇಪ್ಪತ್ತಮೂರು ವರ್ಷ ಗೌನು ಹೊಲಿದುಕೊಟ್ಟವಳು ನಾನು. ಗಂಡ ತೀರಿಕೊಂಡಾಗ ಮಗಳಿಗೆ ಒಂಬತ್ತು ವರ್ಷ. ಬೀದಿಗೆ ಬಾಗಿಲಿದ್ದ ಒಂದು ಕೋಣೆ, ಒಂದು ಹೊಲಿಗೆ ಯಂತ್ರ, ಕಪ್ಪು ಬಟ್ಟೆಯ ರಾಶಿ. ಆ ರಾಶಿಯ ಮೇಲೆ ಕೂತು ಅವಳು ಓದಿದಳು. ಅದೇ ವಿಶ್ವವಿದ್ಯಾಲಯದಲ್ಲಿ ಔಷಧವಿಜ್ಞಾನ ಕಲಿಸುವ ಕೆಲಸ ಸಿಕ್ಕಾಗ ಅವಳ ಗೌನಿನ ಅಂಚನ್ನು ಎರಡು ಸುತ್ತು ಹೊಲಿದೆ. ಒಂದು ಸುತ್ತು ಸಾಕಾಗಿತ್ತು. ಅಹಂಕಾರ ಎನ್ನುವಿರಾದರೆ ಎನ್ನಿ. ಆ ಅಹಂಕಾರ ಮಾಡಿದ ಅನಾಹುತವನ್ನೂ ಮುಚ್ಚಿಡದೆ ಹೇಳುತ್ತೇನೆ.

ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಅವಳು ಕಾಯಿಲೆ ಬಿದ್ದಳು. ಒಂದು ತಿಂಗಳು ನೆಲ ಮುಟ್ಟದ ಹಾಗೆ ಓಡಾಡಿದಳು, ಮಾತಾಡಿದಳು, ಬರೆದಳು. ಮುಂದಿನ ಎರಡು ತಿಂಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಒಬ್ಬ ಒಳ್ಳೆಯ ವೈದ್ಯೆ ಲಿಥಿಯಂ ಮಾತ್ರೆ ಕೊಟ್ಟರು. ಮನಸ್ಸು ಅತಿಯಾಗಿ ಏರದಂತೆ, ಅತಿಯಾಗಿ ಇಳಿಯದಂತೆ ಹಿಡಿದು ನಿಲ್ಲಿಸುವ ಔಷಧಿ ಅದು. ರಕ್ತದಲ್ಲಿ ಸ್ವಲ್ಪ ಕಡಿಮೆಯಾದರೆ ಕೆಲಸ ಮಾಡದು, ಸ್ವಲ್ಪ ಹೆಚ್ಚಾದರೆ ವಿಷ. ಹಾಗಾಗಿ ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು. ಆ ಮಾತ್ರೆ ನುಂಗಿಕೊಂಡೇ ಅವಳು ಡಾಕ್ಟರೇಟು ಮುಗಿಸಿದಳು, ಪಾಠ ಮಾಡಿದಳು, ಮೂರು ವರ್ಷ ನಿಮ್ಮ ವಿಭಾಗದ ಮುಖ್ಯಸ್ಥೆಯಾಗಿದ್ದಳು. ಆ ಮೂರು ವರ್ಷದಲ್ಲಿ ಫಲಿತಾಂಶ ತಡವಾದದ್ದು ಒಮ್ಮೆಯೂ ಇಲ್ಲ ಎಂದು ನಿಮ್ಮದೇ ವಾರ್ಷಿಕ ವರದಿಯಲ್ಲಿ ಅಚ್ಚಾಗಿದೆ.

ಅವಳು ಕೈಗೊಂಡ ಸಂಶೋಧನೆಯೂ ಇದೇ ವಿಷಯದ್ದು. ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಹೊಣೆ ಹೊತ್ತವರು, ಅಂದರೆ ಪ್ರಾಂಶುಪಾಲರು, ವಿಭಾಗದ ಮುಖ್ಯಸ್ಥರು, ಆಡಳಿತಗಾರರು, ಈ ಔಷಧಿ ನುಂಗುತ್ತಲೇ ಎಷ್ಟು ಚೆನ್ನಾಗಿ ಕೆಲಸ ಮಾಡಬಲ್ಲರು? ಎಷ್ಟು ಪ್ರಮಾಣ ಇದ್ದರೆ ಕಾಯಿಲೆಯೂ ಮರುಕಳಿಸದೆ, ಬುದ್ಧಿಯೂ ಮಂಕಾಗದೆ ಇರುತ್ತದೆ? ಅರವತ್ತೆರಡು ಜನ ಒಪ್ಪಿದರು. ಒಂದೇ ಷರತ್ತು, ಹೆಸರು ಹೊರಗೆ ಬರಬಾರದು. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ. ಸಂಖ್ಯೆಗೂ ಹೆಸರಿಗೂ ಹೊಂದಿಸಿ ಬರೆದ ನೋಟುಪುಸ್ತಕ ಒಂದೇ ಇದೆ. ಎಲ್ಲಿದೆ ಎಂದು ನನಗೂ ಗೊತ್ತಿಲ್ಲ.

ಪ್ರಯೋಗಾಲಯಕ್ಕೆ ಬರಲು ಎಷ್ಟೋ ಜನರಿಗೆ ಭಯ. ಅವರು ಇಷ್ಟಪಟ್ಟ ಕಡೆ ರಕ್ತ ತೆಗೆಯಬಹುದು ಎಂದು ಸಂಶೋಧನೆಯ ನೀತಿ-ನಿಯಮ ನೋಡುವ ನಿಮ್ಮದೇ ಸಮಿತಿ ಒಪ್ಪಿತ್ತು. ಹಾಗಾಗಿ ಅವರಲ್ಲಿ ಕೆಲವರು ನಮ್ಮ ಮನೆಯ ಹಿಂಬಾಗಿಲಿಗೆ ಬಂದರು. ಮೂರು ತಿಂಗಳಿಗೊಮ್ಮೆ, ಬೆಳಗ್ಗೆ ಏಳಕ್ಕೆ. ಹಿಂದಿನ ಮಾತ್ರೆ ನುಂಗಿ ಹನ್ನೆರಡು ಗಂಟೆ ಆಗಿರಬೇಕು, ಬೆಳಗಿನ ಮಾತ್ರೆ ಇನ್ನೂ ನುಂಗಿರಬಾರದು. ಆಗ ತೆಗೆದ ರಕ್ತವೇ ಸರಿಯಾದ ರಕ್ತ. ನಾನು ಬಟ್ಟೆ ಕತ್ತರಿಸುವ ಮೇಜನ್ನು ಖಾಲಿ ಮಾಡಿಕೊಡುತ್ತಿದ್ದೆ. ಒಬ್ಬ ನರ್ಸಮ್ಮ ಬರುತ್ತಿದ್ದರು, ಬಾಯಿ ಜೋರು, ಕೈ ಹಗುರ.

“ಕೈ ಬಿಡಿ ಸಾರ್, ನಾನೇನು ನಿಮ್ಮ ಕುರ್ಚಿ ಕಿತ್ಕೊಳ್ತಾ ಇಲ್ಲ, ಒಂದು ಚಮಚ ರಕ್ತ ಅಷ್ಟೇ,” ಎನ್ನುವರು. ದೊಡ್ಡ ದೊಡ್ಡ ಕಡತಗಳಿಗೆ ರುಜು ಹಾಕುವ ಕೈಗಳು ಸೂಜಿ ಕಂಡು ಹಿಂದೆ ಸರಿಯುವುದನ್ನು ನೋಡಿದ್ದೇನೆ. ನಾನು ಚಹಾ ಕೊಡುತ್ತಿದ್ದೆ. ಯಾರ ಹೆಸರನ್ನೂ ಕೇಳಲಿಲ್ಲ. ಮಗಳು ಒಳಗಿಂದ, “ಅಮ್ಮ, ನಂಬರು ಹದಿನೆಂಟು ಬಂದ್ರಾ?” ಎಂದರೆ, “ಬಂದು ಚಹಾನೂ ಕುಡಿದ್ರು ಕಣೇ, ನೀನಿನ್ನೂ ಜಡೆ ಹಾಕ್ಕೊಳ್ತಾ ಇದ್ದೀಯ,” ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಅವರು ಮನಸ್ಸು ಬಿಚ್ಚಿ ನಕ್ಕ ಜಾಗ ಬಹುಶಃ ಅದೊಂದೇ ಇರಬೇಕು.

ಆಮೇಲೆ ಮಗಳು ಡೀನ್ ಹುದ್ದೆಗೆ ಆಯ್ಕೆಯಾದಳು. ತುಂಬಬೇಕಾದ ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ನಿತ್ಯ ಸೇವಿಸುವ ಔಷಧಿಗಳು ಯಾವುವು? ಅವಳು ಪೆನ್ನು ಹಿಡಿದು ನನ್ನ ಮುಖ ನೋಡಿದಳು. “ಕೇಳಿದ್ದಕ್ಕೆ ಉತ್ತರ ಬರಿ. ನಾವು ಯಾರ ಮನೇಲೂ ಕದ್ದಿಲ್ಲ,” ಎಂದೆ. ಬರೆದಳು. ಒಂದೇ ಪದ.

ವಾರದೊಳಗೆ ನಿಮ್ಮ ಕುಲಸಚಿವರು ಅವಳನ್ನು ಕರೆಸಿ ಬಹಳ ಮೃದುವಾಗಿ ಮಾತಾಡಿದರಂತೆ. “ಈಗ ತಗೊಳ್ತಾ ಇಲ್ಲ ಅಂತ ಒಂದು ಪ್ರಮಾಣಪತ್ರ ತಂದ್ಬಿಡಿ ಮೇಡಂ, ಇಲ್ಲಿಗೇ ಮುಗಿಸೋಣ.” ಅವಳು ಮನೆಗೆ ಬಂದು, “ಆಗಲ್ಲ ಅಮ್ಮ, ಹುದ್ದೆ ಬೇಡ ಅಂತ ಬರೆದುಕೊಡ್ತೀನಿ,” ಎಂದಳು.

ಮಾನ್ಯರೇ, ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ನಾಲ್ಕು ದಿನ ಬೇಕಾಯಿತು.

“ಬೇಡ ಅಂತೀಯಾ? ಇಷ್ಟು ವರ್ಷ ನಾನು ಬೆನ್ನು ಬಗ್ಗಿಸಿ ಹೊಲಿದಿದ್ದು ನೀನು ಬೇಡ ಅನ್ನೋದಕ್ಕಾ?” ಎಂದೆ. “ಹದಿನೆಂಟು ವರ್ಷ ಆಯ್ತು, ಒಂದು ಸಲಾನಾದ್ರೂ ಮತ್ತೆ ಬಂತಾ ಆ ಕಾಯಿಲೆ? ಎರಡು ತಿಂಗಳು ಬಿಟ್ಟು ತೋರಿಸು. ಅವರ ಬಾಯಿ ಮುಚ್ಚಲಿ.” “ಮಾತ್ರೆ ತಗೊಳ್ತಾ ಇರೋದಕ್ಕೇ ಅಮ್ಮ ಅದು ಬರದೇ ಇರೋದು,” ಎಂದಳು. ಆ ಔಷಧಿಯ ಬಗ್ಗೆ ಅವಳಿಗೆ ಗೊತ್ತಿದ್ದಷ್ಟು ಈ ಊರಿನಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಆದರೂ ಬಿಟ್ಟಳು. ತನ್ನ ವಿದ್ಯೆಯ ಮಾತು ಮೀರಿದಳು, ತಾಯಿಯ ಮಾತು ಮೀರಲಿಲ್ಲ. ಹಾಗೆ ಬೆಳೆಸಿದ್ದೆ ನಾನು. ಅದೂ ನನ್ನ ಹೆಮ್ಮೆಯಾಗಿತ್ತು.

ಆರನೆಯ ವಾರಕ್ಕೆ ಬಿದ್ದಳು. ಒಂದೇ ದಿನ ಎಲ್ಲ ವಿಭಾಗಗಳಿಗೂ ನಲವತ್ತು ಸುತ್ತೋಲೆ ಕಳಿಸಿದಳಂತೆ. ತರಗತಿಯಲ್ಲಿ ನಿಲ್ಲಿಸದೆ ಮೂರು ಗಂಟೆ ಮಾತಾಡಿದಳಂತೆ. ಆಮೇಲೆ ಆಸ್ಪತ್ರೆಯಲ್ಲಿ ಏಳು ವಾರ. ನಾನು ಬಾಚಣಿಗೆ ತೆಗೆದುಕೊಂಡು ಹೋಗಿ ನಲವತ್ತೆರಡು ವರ್ಷದ ಮಗಳ ತಲೆ ಬಾಚುತ್ತಿದ್ದೆ. ನನ್ನ ಗುರುತಿದೆಯೋ ಇಲ್ಲವೋ ಎಂದು ಕೇಳಲು ಹೆದರಿಕೆಯಾಗುತ್ತಿತ್ತು. ಒಂದು ದಿನ, “ಬಲಗಡೆ ಸಿಕ್ಕು ಜಾಸ್ತಿ ಇದೆ, ನಿಧಾನ,” ಎಂದಳು. ಆ ಮಾತು ಕೇಳಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತೆ. ಗಂಡ ಹೋದಾಗಲೂ ಜನರೆದುರು ಅತ್ತವಳಲ್ಲ ನಾನು.

ಮತ್ತೆ ಮಾತ್ರೆ ಶುರುವಾಯಿತು. ಮತ್ತೆ ಮನುಷ್ಯಳಾದಳು. ಆಗ ನೀವು ಐದು ಜನರ ಸಮಿತಿ ಕೂರಿಸಿದಿರಿ. ಸಮಿತಿ ಏನು ಹೇಳಿತು? ಆಕೆ ಕಾಯಿಲೆ ಬಿದ್ದದ್ದೇ ಆಕೆ ಹೊಣೆಗೆ ತಕ್ಕವಳಲ್ಲ ಎಂಬುದಕ್ಕೆ ಸಾಕ್ಷಿ ಎಂದಿತು. ಮಾತ್ರೆಯೊಂದಿಗೆ ಹದಿನೆಂಟು ವರ್ಷ ನೆಟ್ಟಗೆ ನಿಂತದ್ದು ಸಾಕ್ಷಿಯಲ್ಲ. ನೀವು ಬಿಡಿ ಎಂದದ್ದಕ್ಕೆ ಬಿಟ್ಟು, ಬಿದ್ದದ್ದು ಮಾತ್ರ ಸಾಕ್ಷಿ. ಕುರುಡನ ಕೋಲು ಕಿತ್ತುಕೊಂಡು ಎಡವಿದೆಯಲ್ಲ ಎನ್ನುವ ಮಕ್ಕಳ ಕಿವಿಯನ್ನು ನಾವು ಮನೆಯಲ್ಲಿ ಹಿಂಡುತ್ತೇವೆ. ನಿಮ್ಮಲ್ಲಿ ಅವರಿಗೆ ಸಭಾಭತ್ಯೆ ಕೊಡುತ್ತಾರೆ.

ಆ ದಿನ ನಾನೂ ಜೊತೆಗೆ ಹೋಗಿದ್ದೆ. ಸಮಿತಿಯ ಕೋಣೆಯ ಹೊರಗೆ ಬೆಂಚು. ಕೂರುವ ಮೊದಲು ಮಗಳು ನನ್ನ ಕೈ ಹಿಡಿದು, “ಅಮ್ಮ, ಒಳಗೆ ಹೋಗೋರ ಮುಖ ಯಾರದ್ದೂ ನೋಡಬೇಡ. ನೆಲ ನೋಡ್ತಾ ಕೂತಿರು,” ಎಂದಳು. ನೆಲ ನೋಡಿದೆ. ಬೂಟುಗಳು ಬಂದವು. ಆದರೆ ನಾನು ದರ್ಜಿಯಲ್ಲವೇ, ಪ್ಯಾಂಟಿನ ಅಂಚು ನೋಡಿದರೂ ಆಳು ಯಾರೆಂದು ತಿಳಿದೀತು. ನಮ್ಮ ಹಿಂಬಾಗಿಲಿಗೆ ಬಂದವರು ಅವರಲ್ಲಿದ್ದರೆ ತಿಳಿಯುವುದು ಬೇಡ ಎಂದು ಕಣ್ಣನ್ನೂ ಮುಚ್ಚಿಕೊಂಡೆ. ಒಂದು ಜೊತೆ ಹೆಜ್ಜೆ ನನ್ನ ಮುಂದೆ ಬಂದು ನಿಂತಿತು. ಒಂದು ಉಸಿರು ಕೇಳಿಸಿತು. ಆಮೇಲೆ ಹೆಜ್ಜೆ ಒಳಗೆ ಹೋಯಿತು, ಬಾಗಿಲು ಮುಚ್ಚಿತು. ಯಾರು ಎಂದು ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ. ವರದಿಗೆ ಐವರ ರುಜುವೂ ಇದೆ.

ಒಳಗೆ ಅವಳು ಒಂದು ಮಾತು ಆಡಿದ್ದರೆ ಸಾಕಿತ್ತು. ಈ ಮಾತ್ರೆ ನುಂಗಿಕೊಂಡು ನಿಮ್ಮ ನಡುವೆ ಯಾರು ಯಾರು ಚೆನ್ನಾಗಿ ಆಡಳಿತ ನಡೆಸುತ್ತಿದ್ದಾರೆ ಎಂದು ಬೆರಳು ತೋರಿಸಿದ್ದರೆ ಸಾಕಿತ್ತು. ಅವಳು ಆಡಲಿಲ್ಲ.

ಅಧ್ಯಯನ ನಿಲ್ಲಿಸಿದಿರಿ. ಈಗ ಹೆಸರುಗಳು ಬೇಕಂತೆ. ‘ಭಾಗವಹಿಸಿದವರಿಗೆ ಮಾಹಿತಿ ನೀಡುವ ಸಲುವಾಗಿ’ ಎಂದು ಬರೆದಿದ್ದೀರಿ. ಎಷ್ಟು ಅಕ್ಕರೆ! ಮುಂದಿನ ತಿಂಗಳು ಪ್ರಾಂಶುಪಾಲರ ನೇಮಕಾತಿ ಇರುವುದಕ್ಕೂ ಈ ಅಕ್ಕರೆಗೂ ಸಂಬಂಧವಿಲ್ಲ ಎಂದು ನಂಬಲು ನಾನು ಪ್ರಯತ್ನಪಟ್ಟೆ, ಆಗಲಿಲ್ಲ.

ಕುಲಸಚಿವರು ನಮ್ಮ ಮನೆಗೂ ಬಂದಿದ್ದರು. ಮಗಳು ಇಲ್ಲದ ಹೊತ್ತು ನೋಡಿಕೊಂಡೇ ಬಂದರು. “ಅಮ್ಮಾ, ನೀವು ಹಿರಿಯರು. ಮಗಳ ಭವಿಷ್ಯ ನಿಮ್ಮ ಕೈಯಲ್ಲಿದೆ. ಯಾರ್ಯಾರು ಬರ್ತಾ ಇದ್ರು ಅಂತ ಒಂದು ನಾಲ್ಕು ಜನರ ಗುರುತು ಹೇಳಿ ಸಾಕು,” ಎಂದರು.

“ಬಟ್ಟೆ ಹೊಲಿಸೋಕೆ ಬರ್ತಾ ಇದ್ರು,” ಎಂದೆ.

“ಬೆಳಗ್ಗೆ ಏಳಕ್ಕಾ?”

“ದೊಡ್ಡವರಿಗೆ ಬಿಡುವು ಎಲ್ಲಿರುತ್ತೆ ಸ್ವಾಮಿ?”

ಅವರು ಎದ್ದು ಹೋದರು. ನಾನು ಗೆದ್ದೆ ಎಂದುಕೊಳ್ಳಬೇಡಿ. ನನಗೆ ಮುಖಗಳು ಗೊತ್ತಿವೆ, ಮಾನ್ಯರೇ. ಚಹಾಕ್ಕೆ ಸಕ್ಕರೆ ಯಾರಿಗೆ ಎಷ್ಟು ಎಂದೂ ಗೊತ್ತಿದೆ. ನಾಲ್ಕು ಮುಖದ ಗುರುತು ಹೇಳಿದ್ದರೆ ನನ್ನ ಮಗಳು ನಾಳೆ ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೋಗುತ್ತಿದ್ದಳು. ಆ ಚಿತ್ರ ಕಣ್ಣ ಮುಂದೆ ಬಂತು. ಆಸೆಯೂ ಆಯಿತು. ಆಸೆಯಾಗಲಿಲ್ಲ ಎಂದು ಬರೆದರೆ ಸುಳ್ಳಾದೀತು. ಆದರೆ ಒಮ್ಮೆ ನನ್ನ ಮಾತು ಕೇಳಿ ಅವಳು ಹಾಳಾದಳು. ಇನ್ನೊಮ್ಮೆ ನನ್ನ ಬಾಯಿಂದ ಅವಳ ಮಾತು ಹಾಳಾಗಬಾರದು.

ಹೋದ ವಾರ ಕೊನೆಯ ಸುತ್ತಿನ ರಕ್ತ ತೆಗೆಯುವ ದಿನವಾಗಿತ್ತು. ಅಧ್ಯಯನ ನಿಂತದ್ದು ತಿಳಿದಿದ್ದರೂ ಏಳು ಗಂಟೆಗೆ ಹಿಂಬಾಗಿಲು ತಟ್ಟಿದ ಸದ್ದಾಯಿತು. ಬಂದವರು ಗಂಡಸೋ ಹೆಂಗಸೋ ಎಂದು ನಾನು ಬರೆದಿದ್ದೆ, ಮಗಳು ಹೊಡೆದುಹಾಕಿದಳು. ಏನು ಕೆಲಸ ಮಾಡುವವರು ಎಂದು ಬರೆದಿದ್ದೆ, ಅದನ್ನೂ ಹೊಡೆದುಹಾಕಿದಳು.

“ಇವತ್ತು ಇಲ್ಲ, ಯಾವತ್ತೂ ಇಲ್ಲ,” ಎಂದೆ.

“ನಮ್ಮಿಂದಾನಾ ಅಮ್ಮ ಇದೆಲ್ಲ? ನಾನೇ ಹೋಗಿ ನನ್ನ ಹೆಸರು ಹೇಳ್ತೀನಿ. ಒಬ್ಬರಾದ್ರೂ ಹೇಳಿದ್ರೆ ಮೇಡಂನ ಬಿಡಬಹುದು,” ಎಂದರು ಬಂದವರು. ಬಟ್ಟೆಯ ತೋಳು ಆಗಲೇ ಮೇಲಕ್ಕೆ ಮಡಚಿಕೊಂಡಾಗಿತ್ತು.

ಮಗಳು ಒಳಗಿಂದ ಬಂದಳು. “ಬೇಡ. ಒಬ್ಬರು ಹೇಳಿದ್ರೆ ಉಳಿದವರನ್ನ ಹುಡುಕೋದು ಸುಲಭ ಆಗುತ್ತೆ. ಮನೆಗೆ ಹೋಗಿ ಮೊದಲು ಮಾತ್ರೆ ತಗೊಳ್ಳಿ, ಹೊತ್ತು ಮೀರ್ತಾ ಇದೆ,” ಎಂದಳು.

ನಾಯಕತ್ವ ಎಂಬ ವಿಷಯದ ಮೇಲೆ ನೀವು ವರ್ಷಕ್ಕೊಂದು ವಿಚಾರಸಂಕಿರಣ ನಡೆಸುತ್ತೀರಿ. ಆ ಬ್ಯಾನರಿನ ಬಟ್ಟೆಯೂ ಕೆಲವು ಸಲ ನನ್ನ ಅಂಗಡಿಯಿಂದಲೇ ಹೋಗಿದೆ. ತನ್ನ ಹುದ್ದೆ ಕೈಬಿಟ್ಟು ಹೋಗುತ್ತಿರುವಾಗ ಎದುರಿಗೆ ನಿಂತವರ ಮಾತ್ರೆಯ ಹೊತ್ತನ್ನು ನೆನಪಿಸುವವಳು ಹೊಣೆಗೆ ತಕ್ಕವಳಲ್ಲವಾದರೆ, ತಕ್ಕವರು ಯಾರು? ನೀವೇ? ನಾನೇ?

ನನ್ನ ಒತ್ತಾಯ ಇಷ್ಟೇ. ಹೆಸರು ಕೇಳಿದ ಕಾಗದ ವಾಪಸು ತೆಗೆದುಕೊಳ್ಳಿ. ಕೊನೆಯ ಸುತ್ತಿನ ರಕ್ತ ತೆಗೆದು ಅಧ್ಯಯನ ಮುಗಿಸಲು ಬಿಡಿ, ಅವಳ ಕೈಯಿಂದಲೇ. ಆಗದು ಎನ್ನುವಿರಾದರೆ ಅವಳನ್ನು ಮನೆಗೆ ಕಳಿಸಿ, ಆದರೆ ಆದೇಶದಲ್ಲಿ ನಿಜ ಬರೆಯಿರಿ. ‘ಅನಾರೋಗ್ಯದ ಕಾರಣ’ ಎಂದು ಬರೆಯಬೇಡಿ. ‘ತನ್ನನ್ನು ನಂಬಿದ ಅರವತ್ತೆರಡು ಜನರ ಹೆಸರು ಹೇಳದ ಕಾರಣ’ ಎಂದು ಬರೆಯಿರಿ. ಆ ಕಾಗದವನ್ನು ಅವಳು ತಲೆಯೆತ್ತಿ ತೆಗೆದುಕೊಳ್ಳುತ್ತಾಳೆ. ಅವಳ ಕಾಯಿಲೆಗೆ ಕಾರಣ ಯಾರೆಂದು ಎಲ್ಲಾದರೂ ಬರೆಯಲೇಬೇಕಾದರೆ ನಿಮ್ಮ ಕಚೇರಿಯ ಹೆಸರಿನ ಪಕ್ಕದಲ್ಲಿ ಜಾಗ ಬಿಡಿ, ನಾನೇ ಬಂದು ರುಜು ಹಾಕುತ್ತೇನೆ.

ಇಂತಿ,
ಮಗಳನ್ನು ಕೆಡವಿದ್ದರಲ್ಲಿ ನಿಮ್ಮ ಜೊತೆ ಕೈ ಸೇರಿಸಿದ್ದ,
ಇನ್ನು ಸೇರಿಸದ
ಒಬ್ಬ ತಾಯಿ