ಬರುವ ಕೂಸಿಗೊಂದು ಭುಜಕವಚ

ಮುರಗೋಡ
ಫೆಬ್ರುವರಿ ೨೦೦೭

ನನ್ನೊಳಗೆ ಹೊರಳಾಡುತ್ತಿರುವ ಕೂಸೇ,

ನಿನಗೆ ಇನ್ನೂ ಹೆಸರಿಲ್ಲ. ಓದಲು ಬರುವಷ್ಟು ನೀನು ದೊಡ್ಡದಾದ ಮೇಲೆ ಇದನ್ನು ನಾನೇ ನಿನ್ನ ಕೈಗೆ ಕೊಡುತ್ತೇನೋ, ಬೇರೆ ಯಾರಾದರೂ ಕೊಡುತ್ತಾರೋ ಗೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಬಹಳ ಹೆದರಿಕೆಯಾಗಿದೆ.

ನಿನ್ನಕ್ಕ ಐಶ್ವರ್ಯಾ ಹುಟ್ಟುವಾಗ ತಲೆ ಹೊರಗೆ ಬಂತು, ಭುಜ ಒಳಗೇ ಸಿಕ್ಕಿಕೊಂಡಿತು. ಎಳೆದು ತೆಗೆದರು. ಜೀವ ಉಳಿಯಿತು, ಬಲತೋಳಿನ ಶಕ್ತಿ ಹೋಯಿತು. ಇಂದಿಗೂ ಆ ಕೈ ಭುಜದ ಮಟ್ಟಕ್ಕಿಂತ ಮೇಲೇಳುವುದಿಲ್ಲ. ಯಾಕೆ ಹೀಗಾಯಿತೆಂದು ಅವಳಿಗೆ ನಾವು ಯಾರೂ ಹೇಳಿಲ್ಲ. ಬೆರಳುಗಳಿಗೆ ಕೆಲಸ ಕೊಡಿ ಎಂದು ಧಾರವಾಡದ ಡಾಕ್ಟರು ಹೇಳಿದ್ದಕ್ಕೆ ನಿನ್ನಪ್ಪ ಬೆಳಗಾವಿಯಿಂದ ಒಂದಕ್ಕೊಂದು ಜೋಡಿಸುವ ಪ್ಲಾಸ್ಟಿಕ್ ಇಟ್ಟಿಗೆಗಳ ಡಬ್ಬಿ ತಂದುಕೊಟ್ಟರು. ಅವಳು ಮನೆ ಕಟ್ಟಲಿಲ್ಲ, ಸಿಪಾಯಿಗಳನ್ನು ಕಟ್ಟಿದಳು. ಶಾಲೆಯಿಂದ ಕಿತ್ತೂರ ಕೋಟೆ ನೋಡಿಬಂದ ಮೇಲಂತೂ ಪ್ರತಿ ಸಿಪಾಯಿಗೂ ಭುಜಕ್ಕೆ ಕವಚ ಬೇಕೆಂದು ಹಟ ಹಿಡಿದಳು.

ಅದು ನಾನಂದುಕೊಂಡಷ್ಟು ಸುಲಭವಿರಲಿಲ್ಲ. ಖಾಲಿ ಎಣ್ಣೆ ಬಾಟಲಿಯ ಬಾಗಿದ ಭಾಗ ಕತ್ತರಿಸಿ ತೋಳಿಗೆ ಅಂಟಿಸಿಕೊಟ್ಟೆ. ಸಿಪಾಯಿ ಚೆಂದ ಕಂಡ. ಅವಳು ಅವನ ತೋಳು ತಿರುಗಿಸಿ ನೋಡಿ ಪಕ್ಕಕ್ಕಿಟ್ಟಳು. "ಅವ್ವಾ, ಇಂವಾ ಕೈ ಎತ್ತವಲ್ಲ. ಕೈ ಎತ್ತಲಾರದಂವಗ ಕತ್ತಿ ಯಾಕ?" ಆಮೇಲೆ ಅವಳೇ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದಳು. ಕವಚ ತೋಳಿಗೆ ಅಂಟಬಾರದು. ನಡುವೆ ತೂತು ಮಾಡಿ ಕುತ್ತಿಗೆಗೆ ಸಿಕ್ಕಿಸಿ, ಮೇಲೆ ತಲೆ ಕೂರಿಸಬೇಕು. ಎರಡೂ ಬದಿ ಛತ್ರಿಯಂತೆ ಹೊರಚಾಚಿರಬೇಕು. ಪ್ಲಾಸ್ಟಿಕ್ಕನ್ನು ದೀಪದ ಶಾಖಕ್ಕೆ ಹಿಡಿದು ಬಗ್ಗಿಸಿದೆ. ಅದರಡಿ ತೋಳು ಸಲೀಸಾಗಿ ಮೇಲೆದ್ದಿತು.

ಹೋದ ವಾರ ಧಾರವಾಡದಲ್ಲಿ ಹೆರಿಗೆ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, "ಈ ಕೂಸೂ ದಪ್ಪ ಐತ್ರಿ. ಮೊದಲಿನಂಗ ಆಗಬಾರದಂದ್ರ ಹೊಟ್ಟಿ ಕೊಯ್ದು ಆಪರೇಷನ್ನ ಮಾಡಬೇಕು" ಎಂದರು. ಮನೆಗೆ ಬಂದು ಹೇಳಿದಾಗ ನಿನ್ನಜ್ಜಿ ಸಿದ್ದಲಿಂಗವ್ವ ಗೋಡೆ ಹಿಡಿದು ಕೂತರು. "ನನ್ನ ತಂಗಿ ಯಲ್ಲವ್ವನ್ನ ಹಿಂಗ ಒಳಗ ಕರಕೊಂಡ ಹ್ವಾದ್ರು, ಹೆಣಾ ತಂದ ಕೊಟ್ರು. ಬ್ಯಾಡ ಅನ್ನಪೂರ್ಣಾ. ದೇವರ ಮ್ಯಾಲ ಭಾರ ಹಾಕು." ಒಪ್ಪಿದರೆ ನಾನು ತಿರುಗಿ ಬರಲಿಕ್ಕಿಲ್ಲ. ಒಪ್ಪದಿದ್ದರೆ ನಿನ್ನ ತೋಳು. ನೀನು ಒದ್ದಾಗಲೆಲ್ಲ ಅಂಗೈ ಇಟ್ಟು, ಇದು ಕಾಲೋ ಕೈಯೋ, ಎಡವೋ ಬಲವೋ ಎಂದು ಹುಡುಕುತ್ತೇನೆ. ನಿನ್ನಪ್ಪ, "ನೀ ಹೆಂಗಂತಿ ಹಂಗ" ಎಂದು ಹೇಳಿ ಅಂಗಳದಲ್ಲಿ ಹೋಗಿ ನಿಲ್ಲುತ್ತಾರೆ.

ನಿನ್ನೆ ಮಧ್ಯಾಹ್ನ ಐಶ್ವರ್ಯಾ ಹೆಬ್ಬೆರಳುದ್ದದ ಬೊಂಬೆಯೊಂದನ್ನು ಕಟ್ಟಿ, ಎಲ್ಲಕ್ಕಿಂತ ಅಗಲವಾದ ಕವಚ ತೊಡಿಸಿದ್ದಳು. ಯಾರಿಗೆಂದು ಕೇಳಿದೆ. "ಒಳಗಿನ ಕೂಸಿಗಿ. ಎಲ್ಲಾರಕಿಂತ ಸಣ್ಣದೈತಲ್ಲ, ಅದಕ್ಕ ದೊಡ್ಡ ಕವಚ." ಅವೇ ಇಟ್ಟಿಗೆಗಳಿಂದ ತಾನು ಕಟ್ಟಿದ್ದ ಕೋಟೆಯೊಳಗಿಂದ ಬೊಂಬೆಯನ್ನು ಬಾಗಿಲಿನಿಂದ ಹೊರಗೆ ತರಲು ಹೋದಳು. ತಲೆ ಬಂತು, ಭುಜ ಸಿಕ್ಕಿಕೊಂಡಿತು. ಅವಳು ಎಳೆಯತೊಡಗಿದಳು. ಜೋಳ ಹಸನು ಮಾಡುತ್ತಿದ್ದ ನಿನ್ನಜ್ಜಿಯ ಕೈ ಮೊರದ ಮೇಲೇ ನಿಂತಿತು. "ಎಳೀಬ್ಯಾಡ" ಎಂದು ಇಬ್ಬರೂ ಒಟ್ಟಿಗೆ ಅಂದೆವು.

ಅವಳು ನಮ್ಮಿಬ್ಬರ ಮುಖ ನೋಡಿದಳು. ಬಾಗಿಲ ಮೇಲಿನ ಇಟ್ಟಿಗೆಗಳನ್ನು ಒಂದೊಂದಾಗಿ ಬಿಚ್ಚಿ, ಬೊಂಬೆಯನ್ನು ಮೇಲಿಂದ ಎತ್ತಿಕೊಂಡಳು. "ಎಳದಿದ್ರ ತೋಳ ಮುರೀತಿತ್ತು" ಎಂದಳು. ಆಮೇಲೆ ಇಟ್ಟಿಗೆಗಳನ್ನು ಮತ್ತೆ ಜೋಡಿಸಿದಳು. ಗೋಡೆ ಮೊದಲಿನಂತೆಯೇ ನಿಂತಿತು.

ಸಂಜೆ ನಿನ್ನಜ್ಜಿ ನನ್ನ ಪಕ್ಕ ಬಂದು ಕುಳಿತು, "ನಾನೂ ಬರತೇನಿ ಧಾರವಾಡಕ್ಕ. ಒಳಗ ಬಿಡದಿದ್ರ ಬಾಗಲದಾಗ ಕುಂದರತೇನಿ" ಎಂದರು.

ನಾಳೆ ಆಪರೇಷನ್ನಿಗೆ ಹೊರಡುತ್ತೇವೆ. ಹೆದರಿಕೆ ಹೋಯಿತೆಂದು ನಿನಗೆ ಸುಳ್ಳು ಹೇಳಲಾರೆ. ಈಗಷ್ಟೇ ಐಶ್ವರ್ಯಾಳಿಗೆ ಎರಡು ಜಡೆ ಹೆಣೆದೆ. ಅವಳಿಗೆ ತಾನೇ ಹಾಕಿಕೊಳ್ಳಲು ಆಗುವುದಿಲ್ಲ. ನಾನು ಬರದಿದ್ದರೆ ಯಾರು ಹೆಣೆಯುತ್ತಾರೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿದೆ.

ನೀನು ಚೀರುತ್ತ ಬಾ. ಎರಡೂ ಕೈ ಬಡಿಯುತ್ತ ಬಾ. ಅಕ್ಕನ ಸಿಪಾಯಿಗಳನ್ನೆಲ್ಲ ಕೆಡವಿ ಅವಳಿಂದ ಬೈಸಿಕೊಳ್ಳುವ ಆಯುಷ್ಯ ನಿನಗಿರಲಿ. ಆ ಜಗಳ ಬಿಡಿಸುವಷ್ಟು ಆಯುಷ್ಯ ನನಗೂ ಇರಲಿ.

ನಿನ್ನ ದಾರಿ ಕಾಯುತ್ತಿರುವ
ಅವ್ವ