ಗೂಬೆ ಪಾಳಿಯವನ ನಿದ್ದೆ

ನವೆಂಬರ್ 12, ಬುಧವಾರ

ಬೆಳಿಗ್ಗೆ ಏಳೂವರೆಗೆ ನನ್ನ ಗಂಡ ಎಸ್ಟಿಲ್, ಗಣಿಯಿಂದ ಬಂದ. ಕಣ್ಣಿನ ಸುತ್ತ ಕಲ್ಲಿದ್ದಲ ಕಪ್ಪು ಹಾಗೇ ಇತ್ತು. ಮೊಟ್ಟೆ, ಹುರಿದ ಆಲೂಗಡ್ಡೆ ತಿಂದು ಮಲಗಿದ. ಫೋನಿನ ಮೇಲೆ ದಿಂಬು ಇಟ್ಟೆ. ನಾಯಿಯನ್ನು ಹಿಂದಿನ ಕೊಟ್ಟಿಗೆಗೆ ಅಟ್ಟಿದೆ. ಗೂಬೆ ಪಾಳಿಯವನು, ಅಂದರೆ ರಾತ್ರಿಯಿಡೀ ಗಣಿಯಲ್ಲಿದ್ದು ಹಗಲು ಮಲಗುವವನು, ಅವನ ನಿದ್ದೆ ಕೆಡಿಸುವ ಹೆಂಗಸನ್ನು ಈ ಕಣಿವೆಯಲ್ಲಿ ಯಾರೂ ಕ್ಷಮಿಸುವುದಿಲ್ಲ. ನಿದ್ದೆಗೆಟ್ಟವನಿಗೆ ಮೇಲಿನ ಕಲ್ಲು ಬಿರಿಯುವ ಸದ್ದು ಕೇಳಿಸುವುದಿಲ್ಲ. ನಮ್ಮಪ್ಪ ಹೋದದ್ದು ಹಾಗೇ.

ಮಧ್ಯಾಹ್ನದ ಊಟವಾದ ಮೇಲೆ ಮೂರು ತಂತಿಯ ಡಲ್ಸಿಮರ್ ವಾದ್ಯವನ್ನು ತೊಡೆಯ ಮೇಲೆ ಮಲಗಿಸಿಕೊಂಡೆ. ಅಮ್ಮನ ಹಾಗೆ ಹಕ್ಕಿಯ ಗರಿಯಿಂದ ಬೀಸಿ ನುಡಿಸಿದರೆ ಮನೆಯೆಲ್ಲ ಝಣಝಣ. ಅದಕ್ಕೇ ಗುಡ್ಡದಾಚೆಯ ಗೆಳತಿ ನೋಲಾ ನನಗೆ ಬೆರಳಿನಿಂದ ಮೀಟುವುದನ್ನು ಹೇಳಿಕೊಡುತ್ತಿದ್ದಾಳೆ. ಹೆಬ್ಬೆರಳು ನನ್ನ ಕಡೆಯ ತಂತಿಗೆ. ತೋರುಬೆರಳು ನಡುವಿನದಕ್ಕೆ. ಮಧ್ಯದ ಬೆರಳು ಆಚೆಯ ದಪ್ಪ ತಂತಿಗೆ. ಕೇಳಲು ಎಷ್ಟು ಸುಲಭ! ಮೂರೂ ಒಟ್ಟಿಗೇ ಮುನ್ನುಗ್ಗುತ್ತವೆ. ನನ್ನ ಕೈ ನನ್ನದೇ ಮಾತು ಕೇಳುವುದಿಲ್ಲ.

ನವೆಂಬರ್ 15, ಶನಿವಾರ

ನೋಲಾ ಮನೆಗೆ ಹೋಗಿದ್ದೆ. ಗುಡ್ಡದ ಬೆನ್ನು ಹತ್ತಿ ಇಳಿದರೆ ಅವಳ ಅಂಗಳ. ಗಂಡ ತೀರಿ ನಾಲ್ಕು ವರ್ಷ. ಚರ್ಚಿನಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತೇವೆ. ನನಗೆ ಅಕ್ಕತಂಗಿಯರಿಲ್ಲ, ಇವಳೇ ಎಲ್ಲ.

ನನ್ನ ಮಣಿಕಟ್ಟು ಹಿಡಿದು ಅಲ್ಲಾಡಿಸಿದಳು. "ಗೋಡೆಗೆ ಸುಣ್ಣ ಬಳೀತಿದ್ದೀಯಾ? ಬೀನ್ಸ್ ನಾರು ತೆಗೀತೀಯಲ್ಲ, ಹಾಗೆ ಮಾಡು. ಬೆರಳ ತುದಿ ಮಾತ್ರ."

ಬೀನ್ಸ್ ನಾರು! ನಲವತ್ತು ವರ್ಷದಿಂದ ತೆಗೆಯುತ್ತಿದ್ದೇನೆ. ಥಟ್ಟನೆ ಬಂತು. ಒಂದೇ ಸಾಲು, ಆದರೂ ಬಂತು.

ಗರಿ ಹಳೇ ಕಾಲದ್ದು, ಸೂಕ್ಷ್ಮ ಇರುವುದು ಬೆರಳಿನಲ್ಲೇ ಎಂದಳು. ದಿನಾ ಊಟವಾದ ಮೇಲೆ ಒಂದು ಗಂಟೆ ಕೂರಬೇಕಂತೆ, ನಡುವೆ ಏಳಬಾರದಂತೆ. ಎದ್ದರೆ ಕೈ ಮರೆತುಬಿಡುತ್ತದಂತೆ. ಬರುವಾಗ ಸೇಬಿನ ಜಾಮ್ ಕೊಟ್ಟು ಕಳಿಸಿದಳು.

ಡಿಸೆಂಬರ್ 3

ಎಸ್ಟಿಲ್‌ನನ್ನು ಕೇಳಿದೆ, ನುಡಿಸುವುದರಿಂದ ತೊಂದರೆಯೇ ಎಂದು. ಬೂಟಿನ ದಾರ ಕಟ್ಟುತ್ತ ತಲೆ ಎತ್ತದೆ ಹೇಳಿದ: "ಇಲ್ಲ ಕಣೇ. ನೀನು ನಿಲ್ಲಿಸಿದ್ರೇ ಎಚ್ಚರ ಆಗತ್ತೆ."

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಇಷ್ಟು ಮೆತ್ತಗೆ ಮಾತಾಡಿದ್ದು ಕಡಿಮೆ. ಇಡೀ ದಿನ ಅದನ್ನೇ ನೆನೆದುಕೊಂಡು ಪಾತ್ರೆ ತೊಳೆದೆ. ಪಾತ್ರೆ ತೊಳೆದರೆ ಉಗುರು ಮೆತ್ತಗಾಗುತ್ತದೆ, ಮೀಟಲು ಬರುವುದಿಲ್ಲ — ಇರಲಿ.

ಡಿಸೆಂಬರ್ 19

ಅಮ್ಮನ ಹಾಡು ಮೊದಲ ಸಲ ಕೊನೆ ಮುಟ್ಟಿತು. ನಡುವೆ ಎರಡು ಕಡೆ ಮುಗ್ಗರಿಸಿದೆ. ಅಮ್ಮ ಇದನ್ನು ಗರಿಯಿಂದ ನುಡಿಸುವಾಗ ಮನೆ ನಡುಗುತ್ತಿತ್ತು. ನನ್ನ ಬೆರಳಿಗೆ ಬಂದಾಗ ಅದೇ ಹಾಡು ಬೇರೆ ಏನೋ ಹೇಳಿತು. ಇಷ್ಟು ದುಃಖ ಅದರಲ್ಲಿತ್ತೆಂದು ಗೊತ್ತೇ ಇರಲಿಲ್ಲ.

ಈ ಮನೆಯಲ್ಲಿ ನನ್ನದು ಎಂಬ ವಸ್ತು ಇದೊಂದೇ. ಬರೆದುಕೊಂಡರೆ ಅತಿಯಾಯಿತೇನೋ. ಆದರೂ ನಿಜ.

ಜನವರಿ 10, ಶನಿವಾರ

ನೋಲಾ ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ ಹೇಳಿದಳು: "ನಿನಗೆ ಕೈ ಬಂತು, ಡೆಲ್ಫಿ."

ಗುಡ್ಡ ಹತ್ತಿ ಬಂದದ್ದೇ ಗೊತ್ತಾಗಲಿಲ್ಲ. ಹಿಮ ಬೀಳುತ್ತಿತ್ತು.

ಜನವರಿ 27, ಮಂಗಳವಾರ, ರಾತ್ರಿ

ಎಸ್ಟಿಲ್ ಗಣಿಗೆ ಹೋದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮಧ್ಯಾಹ್ನ ಒಂದೂವರೆ ಇರಬೇಕು. ನುಡಿಸುತ್ತಿದ್ದೆ. ಒಲೆಯ ಕೊಳವೆ ಗುಂಯ್ ಎಂದು ಕೂಗತೊಡಗಿತು. ಒಳಗಿನ ಮಸಿಗೆ ಬೆಂಕಿ ಹತ್ತಿತ್ತು. ಕೊಳವೆ ಕೆಂಪಗಾಯಿತು. ಉಪ್ಪಿನ ಡಬ್ಬವನ್ನೇ ಒಲೆಗೆ ಸುರಿದು ಗಾಳಿಯ ಕಿಂಡಿ ಮುಚ್ಚಿ ಮಲಗುವ ಕೋಣೆಗೆ ಓಡಿದೆ. ಎಬ್ಬಿಸಲೇಬೇಕಿತ್ತು. ಮದುವೆಯಾದಾಗಿನಿಂದ ಅವನು ಮಲಗಿರುವ ಹೊತ್ತಿನಲ್ಲಿ ಆ ಬಾಗಿಲನ್ನು ತೆಗೆದದ್ದು ಇದೇ ಮೊದಲು.

ಹಾಸಿಗೆಯಲ್ಲಿ ಯಾರೂ ಇಲ್ಲ. ಕೌದಿಯನ್ನು ಉದ್ದಕ್ಕೆ ಸುತ್ತಿ ಮಲಗಿಸಿದ್ದಾನೆ. ಕಿಟಕಿ ಅರ್ಧ ಎತ್ತಿದೆ, ಬೀಳದ ಹಾಗೆ ಕಟ್ಟಿಗೆ ಚೂರು ಕೊಟ್ಟಿದ್ದಾನೆ.

ಬೆಂಕಿ ತಾನಾಗಿ ಆರಿತು. ಏನು ಮಾಡಬೇಕೆಂದು ತಿಳಿಯಲಿಲ್ಲ. ಬಾಗಿಲು ಮುಚ್ಚಿದೆ. ಕುರ್ಚಿಗೆ ಬಂದು ಮತ್ತೆ ನುಡಿಸಿದೆ. ಯಾಕೆ ನುಡಿಸಿದೆನೋ! ಬಹಳ ಹೊತ್ತಾದ ಮೇಲೆ ಕಿಟಕಿಯ ಸದ್ದು, ಮಂಚದ ಸದ್ದು. ನಾಲ್ಕಕ್ಕೆ ಮೈಮುರಿಯುತ್ತ ಹೊರಬಂದ.

"ಒಳ್ಳೇ ನಿದ್ದೆ ಬಂತು. ಏನೋ ಸುಟ್ಟ ವಾಸನೆ?"

ಬೀನ್ಸ್ ತಳ ಹಿಡಿಯಿತು ಎಂದೆ. ಊಟಕ್ಕೆ ಬಡಿಸಿದೆ.

ಜನವರಿ 28

ಐವತ್ತರ ಹತ್ತಿರದ ಗಂಡಸು. ಬೆನ್ನು ನೋವು ಎಂದು ಕಟ್ಟಿಗೆ ಒಡೆಯುವುದಿಲ್ಲ. ಕಿಟಕಿ ಹಾರುತ್ತಾನೆ!

ಬರೆದು ನಗಲು ನೋಡಿದೆ. ಆಗಲಿಲ್ಲ. ನಾನು ನುಡಿಸುತ್ತಿದ್ದರೆ ಕುರ್ಚಿಯಲ್ಲಿದ್ದೇನೆ ಎಂದು ಅವನಿಗೆ ಗೊತ್ತು. ನನ್ನ ಡಲ್ಸಿಮರ್ ಎಂದರೆ ಹಸು ಎಲ್ಲಿದೆ ಎಂದು ಹೇಳುವ ಕೊರಳ ಗಂಟೆ. ಚಳಿಗಾಲವೆಲ್ಲ ಉಸಿರು ಬಿಗಿಹಿಡಿದು, ಅವನಿಗೆ ಎಚ್ಚರವಾದೀತೆಂದು ಬೆರಳನ್ನು ಹತ್ತಿಯ ಹಾಗೆ ಇಟ್ಟು...

ಜನವರಿ 31, ಶನಿವಾರ

ನೋಲಾಗೆ ಎಲ್ಲ ಹೇಳಿಬಿಡಬೇಕೆಂದೇ ಹೋದೆ. ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದು ಬೆಚ್ಚಗೆ ಉಜ್ಜಿದಳು. ಈ ಬೆರಳನ್ನು ಚಳಿಗೆ ಬಿಡಬೇಡ, ಇನ್ನು ಇವು ನನ್ನ ಸೊತ್ತೂ ಹೌದು ಎಂದು ತಮಾಷೆ ಮಾಡಿದಳು. ಹೇಳುವುದನ್ನು ಬಿಟ್ಟು ನುಡಿಸಲು ಕೂತೆ. ಅವಳ ಮುಂದೆ ಚೆನ್ನಾಗಿ ನುಡಿಸುವವಳಾಗಿ ಇರುವುದೇ ಹಿತವಾಗಿತ್ತು. ಮುಂದಿನ ವಾರ ಹೇಳಿದರಾಯಿತು.

ಫೆಬ್ರವರಿ 4, ಬುಧವಾರ

ಮಗಳು ಬಿಟ್ಟುಹೋದ ಟೇಪ್ ರೆಕಾರ್ಡರ್ ಅಟ್ಟದಿಂದ ಇಳಿಸಿದೆ. ಎಸ್ಟಿಲ್ ಗಣಿಗೆ ಹೋದ ಮೇಲೆ ಕೂತು, ಕ್ಯಾಸೆಟ್ಟಿನ ಎರಡೂ ಬದಿಗೆ ತುಂಬಿಸಿದೆ. ಎಂದಿನ ಅಭ್ಯಾಸದ ಹಾಗೇ ಇರಬೇಕಿತ್ತು. ಆದರೆ ಇವತ್ತು ಅಮ್ಮನ ಹಾಡಿನಲ್ಲಿ ಒಂದೂ ತಪ್ಪು ಬರಲಿಲ್ಲ. ಮೊದಲ ಸಲ. ಅನುಮಾನ ಬಂದೀತೆಂದು ಬೇಕೆಂದೇ ಎರಡು ತಪ್ಪು ಸೇರಿಸಬೇಕಾಯಿತು.

ಎಂಥ ದಿನಕ್ಕೆ ಕಾದಿದ್ದೆ, ಯಾವುದಕ್ಕೆ ಬಂತು.

ಫೆಬ್ರವರಿ 5, ಗುರುವಾರ

ಊಟವಾಯಿತು. ಕ್ಯಾಸೆಟ್ ಹಾಕಿದೆ. ಬೂಟು ಕೈಯಲ್ಲಿ ಹಿಡಿದು ಮುಂಬಾಗಿಲಿನಿಂದ ಹೊರಗೆ ಬಂದು ಕೊಟ್ಟಿಗೆಯ ಹಿಂದೆ ನಿಂತೆ. ಒಳಗಿನಿಂದ ನನ್ನದೇ ನುಡಿಸುವಿಕೆ ಕೇಳುತ್ತಿತ್ತು. ಪರವಾಗಿಲ್ಲ ಅನ್ನಿಸಿತು.

ಕಿಟಕಿಯಿಂದ ಇಳಿದ. ಗುಡ್ಡದ ಕಾಲುದಾರಿ ಹಿಡಿದ. ನಾನು ಶನಿವಾರಗಳಂದು ನಡೆಯುವ ದಾರಿ. ಅರ್ಧ ಹತ್ತುವಷ್ಟರಲ್ಲಿ ಗೊತ್ತಾಯಿತು. ಕಾಲು ಮಾತ್ರ ನಿಲ್ಲಲಿಲ್ಲ. ಬೇರೆ ಯಾರ ಮನೆಯಾದರೂ ಆಗಲಿ ದೇವರೇ, ಆ ಕಡೆ ಬೇರೆ ಮನೆಯೇ ಇಲ್ಲವಲ್ಲ ದೇವರೇ, ಎರಡನ್ನೂ ಒಟ್ಟಿಗೇ ಬೇಡಿಕೊಂಡೆ.

ಜಗುಲಿಯಲ್ಲಿ ಅವನ ಬೂಟು. ಒಳಗೆ ಡಲ್ಸಿಮರ್. ಬೆರಳಲ್ಲ, ಗರಿ. ಬೀಸಿ ಬೀಸಿ, ಹಂಚು ಹಾರುವ ಹಾಗೆ. ಅವನ ಹಿಮ್ಮಡಿ ನೆಲಕ್ಕೆ ತಾಳ ಹಾಕುತ್ತಿತ್ತು. ನಗುತ್ತಿದ್ದ. ಆ ನಗುವನ್ನು ನಾನು ಮಗಳು ಹುಟ್ಟಿದ ವರ್ಷ ಕೇಳಿದ್ದು.

ನನಗೆ ಸೂಕ್ಷ್ಮ ಕಲಿಸಿದವಳು. ಅಲ್ಲಿ ನಿದ್ದೆ ಮಾಡುವವರು ಯಾರೂ ಇರಲಿಲ್ಲ, ಜೋರಾಗಿ ನುಡಿಸಬಹುದಿತ್ತು.

ಓಡಿ ಬಂದೆ. ಕ್ಯಾಸೆಟ್ ನಿಂತಿತ್ತು. ತಿರುಗಿಸಿ ಹಾಕಿದೆ. ಹಾಸಿಗೆಯ ಮೇಲೆ ಹೋಗಿ ಕೂತೆ.

ಕಿಟಕಿ ಎತ್ತಿದ. ಮೊದಲು ಒಂದು ಕಾಲು ಬಂತು, ಆಮೇಲೆ ತಲೆ. ನನ್ನನ್ನು ನೋಡಿದ. ಬಾಗಿಲ ಕಡೆ ನೋಡಿದ. ಮುಂದಿನ ಕೋಣೆಯಲ್ಲಿ ಅಮ್ಮನ ಹಾಡು ನಡೆದೇ ಇತ್ತು.

"ಹಾಗಾದ್ರೆ ಅಲ್ಲಿ ನುಡಿಸ್ತಿರೋದು ಯಾರು?"

"ನಾನೇ," ಎಂದೆ.

"ಡೆಲ್ಫಿ, ಇಲ್ನೋಡು..."

"ಒಳಗೆ ಬರೋದಾದ್ರೆ ಬಾ, ಹೊರಗೆ ಹೋಗೋದಾದ್ರೆ ಹೋಗು. ಚಳಿ ಬರ್ತಿದೆ."

ಒಳಗಿದ್ದ ಕಾಲನ್ನು ಹೊರಗೆ ತೆಗೆದುಕೊಂಡ.

ಫೆಬ್ರವರಿ 6

ಬಟ್ಟೆಬರೆ, ಶೇವಿಂಗ್ ಸಾಮಾನು ಜಗುಲಿಯಲ್ಲಿಟ್ಟೆ. ಗಣಿಗೆ ಒಯ್ಯುವ ಊಟದ ಡಬ್ಬಿಯನ್ನೂ ತುಂಬಿಸಿಟ್ಟೆ. ಹಸಿದವನನ್ನು ನೆಲದೊಳಕ್ಕೆ ಕಳಿಸುವುದು ನನ್ನಿಂದಾಗದು. ಕತ್ತಲಾಗುವ ಮೊದಲು ಯಾವಾಗಲೋ ಬಂದು ಒಯ್ದಿದ್ದಾನೆ. ತಮ್ಮನ ಮನೆಯಲ್ಲಿ ಇದ್ದಾನಂತೆ. ನೋಲಾ ಮನೆಗೆ ಹೋಗುವ ಧೈರ್ಯವೂ ಇಲ್ಲ ಮಹಾರಾಯನಿಗೆ.

ಡಲ್ಸಿಮರನ್ನು ಮಂಚದ ಕೆಳಗೆ ದೂಡಿದೆ.

ಮಾರ್ಚ್ 7, ಶನಿವಾರ

ಅಂಚೆ ಕಚೇರಿಯ ಮುಂದೆ ನೋಲಾ ಎದುರಾದಳು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಸೊರಗಿದ್ದಾಳೆ. ಬೈಯಬೇಕಿದ್ದರೆ ಬೈದುಬಿಡು ಎಂದಳು.

ತಿಂಗಳಿಂದ ಬೈಗುಳ ಜೋಡಿಸಿಟ್ಟುಕೊಂಡಿದ್ದೆ. ಒಂದೂ ಬರಲಿಲ್ಲ. ಬೇರೆಯೇ ಬಂತು. ಗಂಡನ ವಿಷಯವಲ್ಲ. ನೆನೆಸಿಕೊಂಡರೆ ಈಗಲೂ ಆಶ್ಚರ್ಯ.

"ಒಂದೇ ಕೇಳ್ತೀನಿ. ನನಗೆ ಕೈ ಬಂತು ಅಂದ್ಯಲ್ಲ. ನಿಜವಾಗ್ಲೂ ಅಂದ್ಯಾ, ಇವಳು ಕುರ್ಚಿ ಬಿಟ್ಟು ಏಳದಿರ್ಲಿ ಅಂತ ಅಂದ್ಯಾ?"

ಕೈಚೀಲದ ಹಿಡಿ ತಿರುವುತ್ತ ನಿಂತಳು.

"ಮೊದಮೊದ್ಲು ಏಳದಿರ್ಲಿ ಅಂತಾನೇ ಹೇಳ್ತಿದ್ದೆ."

"ಆಮೇಲೆ?"

"ಆಮೇಲೆ ಅವನು ತಡವಾಗಿ ಬರೋಕೆ ಶುರು ಮಾಡ್ದ. ಯಾಕೆ ಅಂತ ಕೇಳಿದ್ರೆ, ಕಿಟಕಿ ಇಳಿದು ಅಲ್ಲೇ ನಿಂತುಬಿಟ್ಟೆ, ಅವಳ ಹಾಡು ಮುಗೀಲಿ ಅಂತ, ಅಂದ. ನಂಗೆ ಉರೀತು, ಡೆಲ್ಫಿ. ಅದಕ್ಕೇ ಗರಿ ಹಿಡಿದು ಜೋರಾಗಿ ನುಡಿಸ್ತಿದ್ದೆ."

ಬೆನ್ನು ತಿರುಗಿಸಿ ಬಂದೆ. ದಾರಿಯುದ್ದಕ್ಕೂ ಅವಳ ಮುಖಕ್ಕೆ ಉಗಿಯಬೇಕಿತ್ತು ಅನ್ನಿಸಿತು. ಆದರೆ ಖುಷಿಯಾಗಿತ್ತು. ಇದನ್ನು ಬರೆಯಲು ನಾಚಿಕೆ, ಆದರೂ ಆಗಿತ್ತು. ಹಿಮದಲ್ಲಿ ನಿಂತು ಕೇಳಿದನಂತೆ! ಕೇಳಿ, ಮತ್ತೆ ಗುಡ್ಡ ಹತ್ತಿದನಲ್ಲ, ಹಾಳಾದವನು. ಅದೂ ಸುಳ್ಳುಗಾತಿಯ ಮಾತು. ನಂಬಲಾಗುವುದಿಲ್ಲ, ಬಿಡಲೂ ಆಗುವುದಿಲ್ಲ.

ಮಾರ್ಚ್ 8, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಮಂಚದ ಕೆಳಗಿಂದ ಎಳೆದು ಧೂಳು ಒರೆಸಿದೆ. ತಂತಿಗಳೆಲ್ಲ ಇಳಿದಿದ್ದವು. ಬಿಗಿ ಮಾಡಿ ಶ್ರುತಿಗೆ ತಂದೆ. ಮಲಗುವ ಕೋಣೆಯ ಬಾಗಿಲು ಹಾರುಹೊಡೆದು ತೆರೆದಿಟ್ಟೆ. ಅವನು ಇಳಿಯುತ್ತಿದ್ದ ಆ ಕಿಟಕಿಗೆ ಬೆನ್ನು ಹಾಕಿ ಕೂತೆ.

ಅಮ್ಮನ ಹಾಡು ಎರಡು ಸಲ. ಉಗುರು ಮತ್ತೆ ಬೆಳೆದಿದೆ, ಸ್ವರ ಶುದ್ಧವಾಗಿ ಬಂತು. ಇನ್ನು ಮೇಲೆ ನಾನು ನುಡಿಸುವುದು ನನಗೋಸ್ಕರ, ಯಾರ ನಿದ್ದೆಗೂ ಅಲ್ಲ, ಯಾರ ಕಿವಿಗೂ ಅಲ್ಲ ಎಂದು ಬರೆಯಬೇಕೆಂದೇ ಪೆನ್ನು ತೆಗೆದೆ. ತಲೆ ಎತ್ತಿದರೆ ಎದುರಿಗೇ ಕಿಟಕಿ. ಕುರ್ಚಿ ಯಾವಾಗ ತಿರುಗಿಸಿಕೊಂಡೆ? ನೆನಪಿಲ್ಲ. ಮೊದಲ ಸಲ ನುಡಿಸುವಾಗ ಬೆನ್ನು ಆ ಕಡೆಗಿತ್ತು, ಅದು ಖಂಡಿತ. ಎರಡನೆಯ ಸಲ...